ಕಳ್ಳನ ಹೆಜ್ಜೆ, ಊರ ಗಡಿ

ರಾತ್ರಿ ಮನೆಗೆ ಕನ್ನ ಬಿದ್ದರೆ ಬೆಳಗಿನ ಜಾವ ಮೊದಲು ಬರಬೇಕಾದವನು ತಳವಾರ. ದನಕರು ಅಂಗಳ ತುಳಿಯುವ ಮುಂಚೆ, ಹೆಂಗಸರು ಕಸ ಹೊಡೆಯುವ ಮುಂಚೆ ಬರಬೇಕು; ತಡವಾದರೆ ನೆಲದ ಮೇಲಿನ ಸಾಕ್ಷಿ ಅಳಿಸಿಹೋಗುತ್ತದೆ. ಕನ್ನದ ಬಾಯಿಂದ ಹೊರಟ ಹೆಜ್ಜೆಯನ್ನು ಆತ ಅಳತೆ ಹಿಡಿಯುತ್ತಿದ್ದ. ಬದು, ಹಳ್ಳ, ಗಾಡಿದಾರಿ ದಾಟಿ ತನ್ನೂರಿನ ಗಡಿಗಲ್ಲಿನ ತನಕ ಜಾಡು ಹಿಡಿದು ನಡೆಯುತ್ತಿದ್ದ. ಹೆಜ್ಜೆ ಗಡಿ ದಾಟಿ ಪಕ್ಕದೂರಿಗೆ ಹೊಕ್ಕಿದ್ದರೆ ಆ ಊರಿನ ತಳವಾರನನ್ನು ಕರೆಸಿ ತೋರಿಸಿದರಾಯಿತು, ಇವನ ಹೊಣೆ ಅಲ್ಲಿಗೆ ಹರಿಯಿತು. ಮುಂದಿನದು ಅವನ ಪಾಲು. ಜಾಡು ಯಾವ ಊರಿನ ನೆಲದಲ್ಲಿ ಕಳೆದುಹೋಗುತ್ತದೋ ಆ ಊರೇ ಕಳುವಿನ ಮಾಲಿಗೆ ಬಾಧ್ಯಸ್ಥ. ತಳವಾರ ತನ್ನ ಕೈಲಾದಷ್ಟು ತುಂಬಿಕೊಡಬೇಕು, ಉಳಿದದ್ದು ಊರ ತಲೆಯ ಮೇಲೆ.

ಪೇಶ್ವೆಯಿಂದ ಗೆದ್ದ ಸೀಮೆಯ ಬಗ್ಗೆ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ 1819ರಲ್ಲಿ ಬರೆದ ವರದಿಯಲ್ಲಿ ಈ ಪದ್ಧತಿಯ ವಿವರ ಇದೆ. ನಷ್ಟವನ್ನು ಊರಿನ ಮೇಲೆ ಹೊರಿಸುವುದು ಅವನಿಗೆ ಅನ್ಯಾಯವಾಗಿ ಕಂಡಿತ್ತು. ಆದರೂ ಕಾವಲುಗಾರ ಮೈಯೆಲ್ಲ ಕಣ್ಣಾಗಿರಲು ಇದೇ ಕಾರಣ ಎನ್ನುವುದು ಆತನಿಗೆ ಗೊತ್ತಿತ್ತು. ನ್ಯಾಯಾಲಯದ ಪ್ರಾದೇಶಿಕ ವ್ಯಾಪ್ತಿ ಎಂದು ಇವತ್ತಿನ ವಕೀಲರು ಕರೆಯುವುದರ ಹಳೆಯ ಗ್ರಾಮೀಣ ರೂಪ ಇದೇ. ಅಪರಾಧ ಎಲ್ಲಿ ನಡೆಯಿತು ಎಂಬ ಪ್ರಶ್ನೆಗೆ ನೆಲವೇ ಉತ್ತರ ಹೇಳುತ್ತಿತ್ತು.

ಹಣದ ಅಪರಾಧಕ್ಕೆ ಮಾತ್ರ ಆ ಕಾಲದಲ್ಲೂ ಹೆಜ್ಜೆ ಮೂಡುತ್ತಿರಲಿಲ್ಲ. ಸುಳ್ಳು ಹುಂಡಿಗೆ, ಮುಳುಗಿದ ಠೇವಣಿಗೆ, ಕಾಳಸಂತೆಗೆ ಹೋದ ಜೋಳಕ್ಕೆ ಯಾವ ಗಡಿಗಲ್ಲು? ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಪೂರ್ವದ ತುದಿಯಲ್ಲಿರುವ ಜತ್ತ ತಾಲ್ಲೂಕಿನಲ್ಲಿ ಈ ಪ್ರಶ್ನೆಗೆ ಒಂದು ಹೆಚ್ಚಿನ ತೊಡಕೂ ಇದೆ. ಇಲ್ಲಿ ಹಣವೊಂದೇ ಓಡಾಡಿದ್ದಲ್ಲ, ಗಡಿಯೇ ಮತ್ತೆ ಮತ್ತೆ ಓಡಾಡಿದೆ.

ಜತ್ತ ಮೊದಲು ಆದಿಲಶಾಹಿಯ ಸೀಮೆ. ಡಫಳಾಪುರದ ಪಾಟೀಲಿಕೆ ಹೊಂದಿದ್ದ ಚವಾಣ ಮನೆತನ ಊರಿನ ಹೆಸರಿನಿಂದಲೇ ಡಫಳೆ ಎನಿಸಿಕೊಂಡು ವಿಜಾಪುರದ ಸೇವೆಯಲ್ಲಿ ಮೇಲೆ ಬಂತು. 1686ರಲ್ಲಿ ಔರಂಗಜೇಬನ ಕೈಗೆ ವಿಜಾಪುರ ಬಿದ್ದ ಮೇಲೂ ಡಫಳೆಯವರ ಜಹಗೀರಿ ಉಳಿಯಿತು, ಮುಂದೆ ಅದು ಸಾತಾರಾ ಛತ್ರಪತಿಗಳ ಅಧೀನಕ್ಕೆ ಬಂತು. ಪೇಶ್ವಾಯಿ ಮುಗಿದ ಎರಡೇ ವರ್ಷಕ್ಕೆ, 1820ರಲ್ಲಿ, ಬ್ರಿಟಿಷರು ಸಾತಾರಾದ ಜಹಗೀರದಾರರೊಡನೆ ಒಪ್ಪಂದ ಮಾಡಿಕೊಂಡರು. ಅಕ್ಕಲಕೋಟ, ಭೋರ, ಔಂಧ, ಫಲಟಣಗಳ ಸಾಲಿನಲ್ಲಿ ಜತ್ತವೂ ಕೂತಿತು. 1848ರಲ್ಲಿ ಸಾತಾರಾ ಗಾದಿಗೆ ವಾರಸುದಾರರಿಲ್ಲವೆಂದು ಕಂಪನಿ ಅದನ್ನು ನುಂಗಿದಾಗ ಜತ್ತ ನೇರವಾಗಿ ಬ್ರಿಟಿಷರ ಅಧೀನ ಸಂಸ್ಥಾನವಾಯಿತು. ಸುಮಾರು 980 ಚದರ ಮೈಲಿ ನೆಲ. ಮಳೆ ಕಡಿಮೆ, ಕಲ್ಲು ಹೆಚ್ಚು.

ಈ ಪುಟ್ಟ ಸಂಸ್ಥಾನದ ಇತಿಹಾಸದಲ್ಲಿ ಯುದ್ಧಕ್ಕಿಂತ ಸಾಲದ ಪಾತ್ರವೇ ದೊಡ್ಡದು. ಜಹಗೀರದಾರರು ಸಾಲದಲ್ಲಿ ಮುಳುಗಿದರೆಂದು 1827ರಲ್ಲಿ ಸಾತಾರಾ ಮಹಾರಾಜರು ಜತ್ತವನ್ನು ವಶಕ್ಕೆ ತೆಗೆದುಕೊಂಡರು, ಸಾಲ ತೀರಿದ ಮೇಲೆ 1841ರಲ್ಲಿ ಮರಳಿ ಕೊಟ್ಟರು. ಮುಂದೆ ಬ್ರಿಟಿಷರೂ ಸಂಸ್ಥಾನದ ಲೆಕ್ಕಪತ್ರ ಸರಿಪಡಿಸಲು ಒಂದಕ್ಕಿಂತ ಹೆಚ್ಚು ಸಲ ಕೈ ಹಾಕಿದರು. ಕಡೆಗೆ ಪ್ರಜೆಗಳ ಮೇಲಿನ ದಬ್ಬಾಳಿಕೆಯ ದೂರುಗಳು ಗುಡ್ಡೆಬಿದ್ದು, 1874ರಿಂದ 1885ರವರೆಗೆ ಆಡಳಿತವನ್ನೇ ತಮ್ಮ ಕೈಯಲ್ಲಿಟ್ಟುಕೊಂಡರು. ದೊರೆ ಸಾಲ ಮಾಡಿದರೆ ಪ್ರಜೆಗೆ ಕಚೇರಿ ಬದಲು! ಜತ್ತದ ಉಮದಿಯ ರೈತನೊಬ್ಬನ ತಲೆಮಾರು ತಾನು ಕೂತಲ್ಲಿಂದ ಕದಲದೆಯೇ ಡಫಳೆಯವರ ನ್ಯಾಯ, ಸಾತಾರಾದ ನ್ಯಾಯ, ಮತ್ತೆ ಡಫಳೆಯವರ ನ್ಯಾಯ, ಆಮೇಲೆ ಗೋರಾ ಸಾಹೇಬರ ನ್ಯಾಯ ಎಲ್ಲವನ್ನೂ ಕಂಡಿರಬಹುದು.

ಸಂಸ್ಥಾನ ಎಂದರೆ ಕಾನೂನಿನ ಲೆಕ್ಕದಲ್ಲಿ ಪರನಾಡು. ವಿಜಾಪುರದ ಬ್ರಿಟಿಷ್ ನ್ಯಾಯಾಲಯದ ಕೈ ಜತ್ತದ ಪೇಟೆಗೆ ಚಾಚುತ್ತಿರಲಿಲ್ಲ. ಜತ್ತದಲ್ಲಿ ಮೋಸ ಮಾಡಿದವನು ಸಂಜೆಯೊಳಗೆ ಬ್ರಿಟಿಷ್ ಹದ್ದಿಗೆ ಕಾಲಿಟ್ಟರೆ ಜತ್ತದ ಫೌಜುದಾರ ಗಡಿಯಲ್ಲೇ ನಿಲ್ಲಬೇಕು. ಇದಕ್ಕೆ ಎರಡು ದಾರಿ ಮಾಡಿದ್ದರು. ಒಂದು, 1903ರ ಭಾರತೀಯ ಹಸ್ತಾಂತರ ಕಾಯಿದೆ: ಸಂಸ್ಥಾನದ ಮೇಲಿನ ಪೊಲಿಟಿಕಲ್ ಏಜೆಂಟ್ ವಾರಂಟು ಬರೆದು, ಆರೋಪಿ ಅಡಗಿರುವ ಜಿಲ್ಲೆಯ ಮ್ಯಾಜಿಸ್ಟ್ರೇಟರಿಗೆ ಕಳಿಸುವುದು. ಇನ್ನೊಂದು, 1898ರ ದಂಡ ಪ್ರಕ್ರಿಯಾ ಸಂಹಿತೆಯ 188ನೇ ಕಲಮು: ಬ್ರಿಟಿಷ್ ಪ್ರಜೆಯಾದ ಭಾರತೀಯ ಸಂಸ್ಥಾನದೊಳಗೆ ಅಪರಾಧ ಮಾಡಿ ಬಂದರೆ, ಅವನು ಸಿಕ್ಕಲ್ಲೇ ವಿಚಾರಣೆ ನಡೆಸಬಹುದು, ಆದರೆ ಪೊಲಿಟಿಕಲ್ ಏಜೆಂಟರ ಪ್ರಮಾಣಪತ್ರ ಬೇಕು.

ಜತ್ತವನ್ನು ವಿಜಾಪುರ ಏಜೆನ್ಸಿಗೆ ಸೇರಿಸಿದ್ದ ಕಾಲದಲ್ಲಿ ಜಿಲ್ಲೆಯ ಕಲೆಕ್ಟರರೇ ಪೊಲಿಟಿಕಲ್ ಏಜೆಂಟರು. ಕಲೆಕ್ಟರರೇ ಜಿಲ್ಲಾ ಮ್ಯಾಜಿಸ್ಟ್ರೇಟರೂ ಹೌದು. ಅಂದರೆ ಜತ್ತದಲ್ಲಿ ಟೋಪಿ ಹಾಕಿ ವಿಜಾಪುರಕ್ಕೆ ಓಡಿದವನನ್ನು ಹಿಡಿಸಬೇಕಾದರೆ ಕಾಗದದ ಮೇಲೆ ಸಾಹೇಬರು ತಮಗೆ ತಾವೇ ವಾರಂಟು ಬರೆದುಕೊಳ್ಳಬೇಕು. ಒಂದೇ ಮೇಜು, ಒಂದೇ ದೌತಿ, ಎರಡು ಅಧಿಕಾರ. ನಗಬೇಡಿ, ಇವತ್ತಿನ ಕಡತಗಳಲ್ಲೂ ಇಂಥ ಪ್ರಯಾಣಗಳು ಉಂಟು.

ಒಳಗೊಂದು ಗೂಡೂ ಇತ್ತು. ಡಫಳಾಪುರ ಆಗ ಬೇರೆಯೇ ಪುಟ್ಟ ಜಹಗೀರಿ, ಅದೇ ಮನೆತನದ ಶಾಖೆಯದು, ಆರೇ ಹಳ್ಳಿ. 1917ರಲ್ಲಿ ಅದು ಜತ್ತದಲ್ಲಿ ಕೂಡಿಹೋಯಿತು.

1948ರ ಮಾರ್ಚ್ 8ರಂದು ಜತ್ತ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು ಎಂದು ಶಾಲೆಯ ಪುಸ್ತಕ ಹೇಳುತ್ತದೆ. ಕಾನೂನು ಅಷ್ಟು ಬೇಗ ಒಪ್ಪಿಕೊಳ್ಳಲಿಲ್ಲ. ವಿಲೀನಗೊಂಡ ದಖನ್ ಸಂಸ್ಥಾನಗಳನ್ನು ಮುಂಬಯಿ ಸರಕಾರ ಮೊದಲಿಗೆ ಆಳಿದ್ದು 1947ರ ‘ಪ್ರಾಂತದ ಹೊರಗಿನ ಅಧಿಕಾರ’ದ ಕಾಯಿದೆಯಡಿ. ಹೆಸರೇ ಹೇಳುವಂತೆ ನೆಲ ಹೊರಗಿನದು, ಅಧಿಕಾರ ಒಳಗಿನದು. ಮುಂಬಯಿಯ ಕಾಯಿದೆಗಳನ್ನು ಅಲ್ಲಿಗೆ ಅನ್ವಯಿಸಲು ಬೇರೆ ಆದೇಶಗಳೇ ಬೇಕಾದವು. 1949ರ ವಿಲೀನ ಆದೇಶ ಬಂದ ಮೇಲಷ್ಟೇ ಆ ನೆಲ ಕಾನೂನಿನ ಕಣ್ಣಿಗೂ ಪ್ರಾಂತದ ಭಾಗವಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಹುಟ್ಟಿದ ದಕ್ಷಿಣ ಸಾತಾರಾ ಜಿಲ್ಲೆಗೆ ಜತ್ತ ಸೇರಿತು. 1960ರಲ್ಲಿ ಆ ಜಿಲ್ಲೆಗೆ ಸಾಂಗ್ಲಿ ಎಂದು ಹೆಸರಾಯಿತು.

ನಡುವೆ 1956ರ ನವೆಂಬರ್ 1 ಬಂದಿತ್ತು. ವಿಜಾಪುರ, ಬೆಳಗಾವಿ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಹೋದವು, ಜತ್ತ ಉಳಿಯಿತು. ಉಮದಿ, ಸಂಖ, ಗುಡ್ಡಾಪುರ, ಬಿಳೂರು, ಮುಚ್ಚಂಡಿಗಳ ಕನ್ನಡ ಮಾತಾಡುವ ಮನೆಗಳಿಗೆ ಸಂತೆ, ಬೀಗತನ, ದಾನಮ್ಮನ ಜಾತ್ರೆಗೆ ಬರುವ ನೆಂಟರು ಎಲ್ಲ ಗಡಿಯಾಚೆಗೆ. ಕೋರ್ಟು ಮಾತ್ರ ಈಚೆಗೆ. ಗಡಿ ವಿವಾದದ ಮಹಾಜನ ಆಯೋಗದ 1967ರ ವರದಿಯಿಂದ ಹಿಡಿದು 2022ರ ನವೆಂಬರ್‌ನಲ್ಲಿ ಕರ್ನಾಟಕದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಜತ್ತದ 40 ಹಳ್ಳಿಗಳ ಮಾತೆತ್ತಿದ ತನಕ ಆ ಕಥೆ ಬೇರೆಯೇ ಉದ್ದದ್ದು. ಅದರಲ್ಲಿ ಭಾಷೆಗಿಂತ ನೀರಿನ ಪಾಲು ಹೆಚ್ಚು.

ರಾಜ್ಯದ ಗಡಿ ಬಿದ್ದ ಮೇಲೆ ಹುಟ್ಟಿದ ಹೊಸ ಬಗೆಯ ಅಪರಾಧ ಧಾನ್ಯದ್ದು. ಅಗತ್ಯ ವಸ್ತುಗಳ ಕಾಯಿದೆ ಬಂದದ್ದು 1955ರಲ್ಲಿ. ಅದರಡಿಯ ಆದೇಶಗಳ ಬಲದಿಂದ ಅರವತ್ತರ ದಶಕದಲ್ಲಿ ಒಂದು ರಾಜ್ಯದ ಕಾಳು ಇನ್ನೊಂದು ರಾಜ್ಯಕ್ಕೆ ಪರವಾನಗಿ ಇಲ್ಲದೆ ಹೋಗುವಂತಿರಲಿಲ್ಲ. ಮಹಾರಾಷ್ಟ್ರವಂತೂ ಜೋಳ, ಭತ್ತವನ್ನು ತಾನೊಬ್ಬನೇ ಕೊಳ್ಳುವ ಏಕಸ್ವಾಮ್ಯದ ಖರೀದಿಗೆ ಇಳಿಯಿತು. ನಿನ್ನೆಯ ತನಕ ಗಡಿಯಾಚೆಯ ಚಡಚಣದ ಸಂತೆಗೆ ಚೀಲ ಹೇರಿಕೊಂಡು ಹೋಗುವುದು ವ್ಯವಹಾರ; ಇವತ್ತು ಅದೇ ಗಾಡಿ, ಅದೇ ಎತ್ತು, ಅದೇ ದಾರಿ, ಹೆಸರು ಮಾತ್ರ ಕಳ್ಳಸಾಗಣೆ. ಅಪರಾಧವನ್ನು ಮಾಡಿದ್ದು ಮನುಷ್ಯನೋ ಗೆರೆಯೋ ಎಂದು ಕೇಳಬೇಕಾದ ಪ್ರಸಂಗ.

ಇಂಥ ಪ್ರಕರಣದಲ್ಲಿ ಗೆರೆ ಎಷ್ಟು ಮುಖ್ಯ ಎಂಬುದಕ್ಕೆ ಜತ್ತದಿಂದ ದೂರದ ಪಂಜಾಬಿನ ಲಾರಿಯೊಂದರ ಕಥೆ ಹೇಳಬೇಕು. 1966ರ ಅಕ್ಟೋಬರ್‌ನಲ್ಲಿ 75 ಚೀಲ ಭತ್ತ ಹೇರಿದ ಲಾರಿಯನ್ನು ದಿಲ್ಲಿಯಿಂದ 32 ಮೈಲಿ ದೂರದ ಸಮಾಲಖಾ ನಾಕಾದಲ್ಲಿ ತಡೆದರು. ಕೆಳಗಿನ ಕೋರ್ಟುಗಳು ಚಾಲಕ ಮಲ್ಕಿಯತ್ ಸಿಂಗ್ ತಪ್ಪಿತಸ್ಥ ಎಂದವು. ಸುಪ್ರೀಂ ಕೋರ್ಟು 1968ರಲ್ಲಿ ಬಿಟ್ಟುಬಿಟ್ಟಿತು. ಭತ್ತ ಇನ್ನೂ ಪಂಜಾಬಿನೊಳಗೇ ಇತ್ತು, ಗಡಿ ಮುಂದಿತ್ತು, ದಾರಿಯಲ್ಲಿ ಚಾಲಕನಿಗೆ ಬುದ್ಧಿ ಬಂದು ಲಾರಿ ಹಿಂದಕ್ಕೆ ತಿರುಗಿಸಿದ್ದರೆ? ಇದು ಸಿದ್ಧತೆ, ಪ್ರಯತ್ನವಲ್ಲ ಎಂದಿತು ಕೋರ್ಟು. ಹನ್ನೆರಡು ವರ್ಷದ ನಂತರ, 1980ರಲ್ಲಿ, ಮಹಾರಾಷ್ಟ್ರದ ಸಮುದ್ರ ದಂಡೆಯಲ್ಲಿ ಹಡಗಿಗೆ ಏರಿಸಲು ತಂದಿದ್ದ ಬೆಳ್ಳಿಯ ಗಟ್ಟಿಗಳು ಸಿಕ್ಕ ಮಹಮ್ಮದ್ ಯಾಕೂಬ್ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟು ಬೇರೆ ರಾಗ ಹಿಡಿಯಿತು. ಖಾಡಿಯ ದಂಡೆಗೆ ಬಂದು ಮಾಲು ಇಳಿಸುತ್ತಿರುವವನು ಪ್ರಯತ್ನದ ಹಂತ ಮುಟ್ಟಿದ್ದಾನೆ ಎಂದು ಶಿಕ್ಷೆಗೆ ಗುರಿಮಾಡಿತು. ಭತ್ತದ ಲಾರಿಗೆ ಸಿಕ್ಕ ಔದಾರ್ಯ ಬೆಳ್ಳಿಗೆ ಸಿಗಲಿಲ್ಲ. ಆರ್ಥಿಕ ಅಪರಾಧವನ್ನು ಸರಕಾರವೂ ಕೋರ್ಟೂ ಬೇರೆ ಕಣ್ಣಿನಿಂದ ನೋಡತೊಡಗಿದ ಕಾಲ ಅದು.

ಬೇರೆ ಕಣ್ಣಿಗೆ ಬೇರೆ ಕೋರ್ಟೂ ಬೇಕಾಯಿತು. ಪ್ರತ್ಯೇಕ ನ್ಯಾಯಾಲಯದ ಆಸೆ ಸ್ವತಂತ್ರ ಭಾರತಕ್ಕೆ ಮೊದಲಿನಿಂದಲೂ ಇತ್ತು. ಪಶ್ಚಿಮ ಬಂಗಾಳದ ವಿಶೇಷ ನ್ಯಾಯಾಲಯದ ಕಾಯಿದೆಯನ್ನು 1952ರ ಅನ್ವರ್ ಅಲಿ ಸರ್ಕಾರ್ ತೀರ್ಪು ಹೊಡೆದುಹಾಕಿತು, ಏಕೆಂದರೆ ಯಾವ ಪ್ರಕರಣವನ್ನು ಅಲ್ಲಿಗೆ ಕಳಿಸಬೇಕು ಎಂಬುದಕ್ಕೆ ಅಳತೆಗೋಲೇ ಇರಲಿಲ್ಲ. ಆಮೇಲಿನವರು ಪಾಠ ಕಲಿತರು. ಅಪರಾಧದ ಬಗೆಯನ್ನು ಹೆಸರಿಸಿ ಕೋರ್ಟು ಕಟ್ಟಿದರು. ಅಗತ್ಯ ವಸ್ತುಗಳ ಕಾಯಿದೆಗೆ 1981ರಲ್ಲಿ ಆದ ವಿಶೇಷ ತಿದ್ದುಪಡಿ ಅಂಥದ್ದೇ. ಈ ಅಪರಾಧಗಳ ವಿಚಾರಣೆ ‘ಅಪರಾಧ ನಡೆದ ಪ್ರದೇಶಕ್ಕಾಗಿ ರಚಿಸಿದ’ ವಿಶೇಷ ನ್ಯಾಯಾಲಯದಲ್ಲಿ ಮಾತ್ರ ಎಂದು ಅದು ಕಟ್ಟು ಹಾಕಿತು. ತಾಲ್ಲೂಕಿನ ಮ್ಯಾಜಿಸ್ಟ್ರೇಟರ ಕೈಯಿಂದ ಸೀಮೆಎಣ್ಣೆ, ಸಕ್ಕರೆ, ರೇಷನ್ ಅಕ್ಕಿಯ ಖಟ್ಲೆಗಳು ಜಾರಿದವು. ಕಾಲಮಿತಿ ಇಟ್ಟು ತಂದ ಕಾನೂನು. ತೊಂಬತ್ತರ ದಶಕದ ಕೊನೆಗೆ ಅವಧಿ ತೀರಿ ಖಟ್ಲೆಗಳು ಮತ್ತೆ ಸಾಮಾನ್ಯ ಕೋರ್ಟಿಗೆ ಬಂದವು.

ಆ ಪುಟ್ಟ ಪದಗುಚ್ಛ ಮಾತ್ರ ಉಳಿಯಿತು. ‘ಅಪರಾಧ ನಡೆದ ಪ್ರದೇಶ’ ಎಂಬುದು ಇವತ್ತಿಗೂ ವಿಶೇಷ ನ್ಯಾಯಾಲಯಗಳ ಬಾಗಿಲಲ್ಲಿ ನಿಂತ ತಳವಾರ.

ಸಾಮಾನ್ಯ ಕಾನೂನು ಈ ವಿಷಯದಲ್ಲಿ ಮೊದಲಿಂದಲೂ ಉದಾರಿ. ಮೂಲ ನಿಯಮ ಒಂದೇ ಸಾಲಿನದು: ಅಪರಾಧ ನಡೆದಲ್ಲಿನ ಕೋರ್ಟೇ ವಿಚಾರಿಸಬೇಕು. ಅದರ ಹಿಂದೆ ಒಂದು ಡಜನ್ ಕಲಮುಗಳ ಬಾಲ ಇದೆ. ಕೃತ್ಯ ಒಂದು ಕಡೆ, ಪರಿಣಾಮ ಇನ್ನೊಂದು ಕಡೆ ಆದರೆ ಎರಡೂ ಕಡೆ ನಡೆಯುತ್ತದೆ. ನಂಬಿಕೆದ್ರೋಹವಾದರೆ ಹಣ ಪಡೆದಲ್ಲಿ, ಇಟ್ಟುಕೊಂಡಲ್ಲಿ, ಲೆಕ್ಕ ಒಪ್ಪಿಸಬೇಕಾಗಿದ್ದಲ್ಲಿ, ಎಲ್ಲಿಯಾದರೂ ಸರಿ. 1973ರ ಸಂಹಿತೆ ಪತ್ರ, ತಂತಿಯ ಮೂಲಕ ಆದ ವಂಚನೆಗೆ ಕಳಿಸಿದ ಊರು, ತಲುಪಿದ ಊರು ಎರಡನ್ನೂ ಸೇರಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ 197ರಿಂದ 209ರ ತನಕದ ಕಲಮುಗಳಲ್ಲಿ ಇದನ್ನೆಲ್ಲ ಎತ್ತಿಕೊಂಡು, ವಿದ್ಯುನ್ಮಾನ ಸಂದೇಶವನ್ನೂ ಜೋಡಿಸಿತು.

ಈ ಔದಾರ್ಯಕ್ಕೆ ಗಟ್ಟಿ ಅಡಿಪಾಯ ಹಾಕಿದ್ದು ಒಂದು ಅಕ್ಕಿಯ ವ್ಯಾಪಾರ. 1951ರಲ್ಲಿ ಗೋವೆಯ ವ್ಯಾಪಾರಿಯೊಬ್ಬರಿಗೆ ಅಕ್ಕಿ ಬೇಕಿತ್ತು. ಕರಾಚಿಯಲ್ಲಿ ಕೂತ ಮುಬಾರಕ್ ಅಲಿ ಅಹ್ಮದ್ ಪತ್ರ, ತಂತಿ, ಫೋನುಗಳಲ್ಲೇ ಅಕ್ಕಿ ಸಿದ್ಧವಿದೆ ಎಂದು ನಂಬಿಸಿದ. ಮುಂಬಯಿಯಲ್ಲಿ ಐದು ಲಕ್ಷಕ್ಕೂ ಮಿಕ್ಕಿ ಹಣ ಕೈ ಬದಲಾಯಿತು. ಅಕ್ಕಿ ಬರಲೇ ಇಲ್ಲ. ಆರೋಪಿ ಪಾಕಿಸ್ತಾನಿ, ಮೋಸ ನಡೆದಾಗ ಮುಂಬಯಿಯ ನೆಲ ಮೆಟ್ಟಿರಲಿಲ್ಲ. ಹೆಜ್ಜೆಯೇ ಇಲ್ಲದ ಅಪರಾಧ! ಆದರೂ ಅಪರಾಧ ನಡೆದದ್ದು ಮುಂಬಯಿಯಲ್ಲೇ ಎಂದು ಸುಪ್ರೀಂ ಕೋರ್ಟು 1957ರಲ್ಲಿ ಹೇಳಿತು. ಮೈ ಎಲ್ಲಿತ್ತು ಎನ್ನುವುದಕ್ಕಿಂತ ಮಾತು ಎಲ್ಲಿ ಕೆಲಸ ಮಾಡಿತು ಎನ್ನುವುದು ಮುಖ್ಯವಾಯಿತು.

ಜತ್ತದ ರೈತನಿಗೆ ಈ ಚರ್ಚೆ ಬಡಿದದ್ದು ಚೆಕ್ಕಿನ ರೂಪದಲ್ಲಿ. ಬರದ ನಾಡಿನಲ್ಲಿ ದಾಳಿಂಬೆ, ದ್ರಾಕ್ಷಿ ಬೆಳೆಯತೊಡಗಿದ ಮೇಲೆ ತೋಟಕ್ಕೇ ಬಂದು ಮಾಲು ತೂಗಿಸುವ ಪರವೂರಿನ ವ್ಯಾಪಾರಿಗಳು ಬಂದರು. ಹಣ್ಣು ಲಾರಿ ಏರಿ ಹೋಗುತ್ತದೆ, ಕೈಯಲ್ಲಿ ಉಳಿಯುವುದು ಮುಂದಿನ ತಾರೀಖಿನ ಚೆಕ್ಕು. ಬ್ಯಾಂಕು ಅದನ್ನು ‘ಖಾತೆಯಲ್ಲಿ ಸಾಕಷ್ಟು ಹಣವಿಲ್ಲ’ ಎಂಬ ಚೀಟಿಯ ಜೊತೆಗೆ ಮರಳಿಸಿದರೆ ಫಿರ್ಯಾದು ಎಲ್ಲಿ? ಚೆಕ್ಕು ಮರಳುವುದನ್ನು ಅಪರಾಧ ಮಾಡಿದ್ದು 1989ರಲ್ಲಿ. 1999ರ ಭಾಸ್ಕರನ್ ತೀರ್ಪು ಐದು ಜಾಗ ಎಣಿಸಿತು: ಚೆಕ್ಕು ಬರೆದದ್ದು, ಹಾಕಿದ್ದು, ಮರಳಿದ್ದು, ನೋಟೀಸು ಕೊಟ್ಟದ್ದು, ಹಣ ಕೊಡದೆ ಉಳಿದದ್ದು; ಯಾವುದಾದರೂ ಒಂದರಲ್ಲಿ ಹೂಡಬಹುದು. ರೈತನಿಗೆ ಅನುಕೂಲ, ದೊಡ್ಡ ಫೈನಾನ್ಸ್ ಕಂಪನಿಗಳಿಗೆ ಇನ್ನೂ ಅನುಕೂಲ: ತಮ್ಮ ಕಚೇರಿ ಇರುವ ಮಹಾನಗರದಿಂದ ನೋಟೀಸು ಹಾರಿಸಿ, ಸಾವಿರ ಕಿಲೋಮೀಟರ್ ದೂರದ ಬಡ ಸಾಲಗಾರನನ್ನು ಅಲ್ಲಿಗೆ ಎಳೆಯಬಹುದಿತ್ತು.

2014ರ ಆಗಸ್ಟ್ 1ರಂದು ದಶರಥ ರೂಪಸಿಂಗ್ ರಾಠೋಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಚಾಳಿಗೆ ಕಡಿವಾಣ ಹಾಕಿ, ಚೆಕ್ಕು ಬರೆದವನ ಬ್ಯಾಂಕ್ ಶಾಖೆ ಇರುವಲ್ಲಿ ಮಾತ್ರ ದಾವೆ ಎಂದಿತು. ಹಳೆಯ ಫಿರ್ಯಾದುಗಳನ್ನೂ ಸಾಕ್ಷ್ಯದ ಹಂತ ಮುಟ್ಟದಿದ್ದರೆ ಮರಳಿಸಿ, ಮೂವತ್ತು ದಿನದೊಳಗೆ ಸರಿಯಾದ ಕೋರ್ಟಿಗೆ ಹಾಕಲು ಹೇಳಿತು. ಈಗ ಪೇಚು ಮಾರಿದವನದು: ಹಣ್ಣು ಕೊಟ್ಟವನೇ ಹಣ ತಪ್ಪಿಸಿದವನ ಊರಿಗೆ ಅಲೆಯಬೇಕು. ವರ್ಷ ತುಂಬುವ ಮೊದಲೇ, 2015ರ ಜೂನ್ 15ರಂದು, ಕೇಂದ್ರ ಸುಗ್ರೀವಾಜ್ಞೆ ತಂದು ಚೆಕ್ಕು ಪಡೆದವನ ಖಾತೆ ಇರುವ ಶಾಖೆಯ ಊರಿಗೆ ವ್ಯಾಪ್ತಿಯನ್ನು ಮರಳಿಸಿತು. ಹದಿನಾರು ವರ್ಷದಲ್ಲಿ ಒಂದೇ ಅಪರಾಧಕ್ಕೆ ಮೂರು ವಿಳಾಸ. ಜತ್ತದ ಶಾಖೆಯಲ್ಲಿ ಖಾತೆ ಇದ್ದವನಿಗೆ ಈಗ ಜತ್ತದ ಕೋರ್ಟೇ ಸಾಕು. ಮೂರರಲ್ಲಿ ನೆಲದ ಮನುಷ್ಯನಿಗೆ ಹತ್ತಿರದ್ದು ಈ ಕಡೆಯದೇ.

ಠೇವಣಿಯ ಮೋಸದಲ್ಲಿ ಅಷ್ಟು ನೆಮ್ಮದಿ ಇಲ್ಲ. ಹಣ ದುಪ್ಪಟ್ಟು ಮಾಡಿಕೊಡುವವನಿಗೆ ರಾಜ್ಯದ ಗಡಿ ಗೊತ್ತಿಲ್ಲ. ಬೀಗರ ಬಾಯಿಂದ ಬೀಗರ ಕಿವಿಗೆ ಸ್ಕೀಮು ದಾಟುತ್ತದೆ. ಮಹಾರಾಷ್ಟ್ರಕ್ಕೆ ಠೇವಣಿದಾರರ ಹಿತರಕ್ಷಣೆಗೆ 1999ರ ಕಾಯಿದೆ ಇದೆ, ಕರ್ನಾಟಕಕ್ಕೆ 2004ರದ್ದು. ಎರಡರಲ್ಲೂ ಪ್ರತ್ಯೇಕ ನ್ಯಾಯಾಲಯ, ಎರಡರಲ್ಲೂ ಆಸ್ತಿ ಜಪ್ತಿ ಮಾಡಿ ಹಂಚುವ ಅಧಿಕಾರ. ಮಹಾರಾಷ್ಟ್ರದ ಕಾಯಿದೆಯ ಸಿಂಧುತ್ವವನ್ನು 2022ರ ಏಪ್ರಿಲ್‌ನಲ್ಲಿ 63 ಮೂನ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. 2019ರಲ್ಲಿ ಅನಿಯಂತ್ರಿತ ಠೇವಣಿಗಳನ್ನು ನಿಷೇಧಿಸುವ ಕೇಂದ್ರದ ಕಾಯಿದೆಯೂ ಬಂತು. ಹಾಗಾಗಿ ಒಂದೇ ಏಜೆಂಟನ ಕೈಗೆ ಹಣ ಕೊಟ್ಟ ಇಬ್ಬರು ಭಾವಮೈದುನರಲ್ಲಿ ಉಮದಿಯವನು ಒಂದು ರಾಜ್ಯದ ವಿಶೇಷ ಕೋರ್ಟಿನ ಕದ ತಟ್ಟಬೇಕು, ಚಡಚಣದವನು ಇನ್ನೊಂದರದ್ದು.

ಹಣ ಅಕ್ರಮ ವರ್ಗಾವಣೆಯ ಕಾಯಿದೆ ಇದಕ್ಕಿಂತ ಒಂದು ಹೆಜ್ಜೆ ಮುಂದೆ. 2002ರ ಈ ಕಾಯಿದೆ ಜಾರಿಗೆ ಬಂದದ್ದು 2005ರ ಜುಲೈ 1ರಿಂದ. ವಿಚಾರಣೆ ಎಲ್ಲಿ ಎಂದರೆ ಅದೇ ಹಳೆಯ ಪದಗುಚ್ಛ: ಅಪರಾಧ ನಡೆದ ಪ್ರದೇಶದ ವಿಶೇಷ ನ್ಯಾಯಾಲಯ. ಪತ್ರಕರ್ತೆ ರಾಣಾ ಅಯ್ಯೂಬ್ ತಮ್ಮ ಖಾತೆ ನವಿ ಮುಂಬಯಿಯಲ್ಲಿರುವಾಗ ಗಾಜಿಯಾಬಾದಿನ ಕೋರ್ಟಿಗೆ ಅಧಿಕಾರವೇ ಇಲ್ಲ ಎಂದು ವಾದಿಸಿದರು. ಸುಪ್ರೀಂ ಕೋರ್ಟಿನ 2023ರ ಫೆಬ್ರವರಿಯ ತೀರ್ಪು ಅದನ್ನು ಒಪ್ಪಲಿಲ್ಲ. ಹಣ ಗಳಿಸಿದ್ದು, ಇಟ್ಟದ್ದು, ಬಚ್ಚಿಟ್ಟದ್ದು, ಬಳಸಿದ್ದು ಎಲ್ಲೆಲ್ಲೋ ಅಲ್ಲೆಲ್ಲ ಅಪರಾಧದ ಜಾಗವೇ. ನಿಜವಾಗಿ ಎಲ್ಲಿ ನಡೆಯಿತೆಂಬುದು ಸಾಕ್ಷ್ಯದಿಂದ ತೀರಬೇಕಾದ ಸಂಗತಿ ಎಂದಿತು. ಇನ್ನೊಂದು ಪೇಚೂ ಇದೆ. ಮೂಲ ಅಪರಾಧ, ಅಂದರೆ ವಂಚನೆಯ ಖಟ್ಲೆ ಊರ ಕೋರ್ಟಿನಲ್ಲಿ ನಡೆಯುತ್ತಿದ್ದರೂ ಜಾರಿ ನಿರ್ದೇಶನಾಲಯ ಕೇಳಿಕೊಂಡರೆ ಅದನ್ನೂ ಆ ವಿಶೇಷ ಕೋರ್ಟಿಗೇ ಒಪ್ಪಿಸಬೇಕು. ಹಣದ ಬೆನ್ನಿಗೆ ಮೂಲ ಖಟ್ಲೆಯೇ ಊರು ಬಿಡುತ್ತದೆ. ಹರ್ಷದ್ ಮೆಹ್ತಾ ಹಗರಣದ ಬೆನ್ನಿಗೆ 1992ರಲ್ಲಿ ಮಾಡಿದ ಷೇರು ವ್ಯವಹಾರದ ಕಾಯಿದೆಯಂತೂ ಪ್ರದೇಶದ ಗೊಡವೆಯನ್ನೇ ಬಿಟ್ಟು, ಹೈಕೋರ್ಟಿನ ಹಾಲಿ ನ್ಯಾಯಾಧೀಶರು ಕೂರುವ ವಿಶೇಷ ಕೋರ್ಟನ್ನು ಮುಂಬಯಿಯಲ್ಲಿ ಕೂರಿಸಿತ್ತು.

ಎಲ್ಲಿಯ ಖಟ್ಲೆ ಎಂದು ಜಗಳವಾಡುತ್ತ ದೂರು ಬರೆದುಕೊಳ್ಳದೆ ಅಟ್ಟುವ ಚಾಳಿಗೆ ಹೊಸ ಸಂಹಿತೆಯ 173ನೇ ಕಲಮು ಬೇಲಿ ಹಾಕಿದೆ. ಅಪರಾಧ ಯಾವ ಹದ್ದಿನದೇ ಆಗಿರಲಿ, ಎದುರಿಗಿರುವ ಠಾಣೆ ದೂರು ದಾಖಲಿಸಿಕೊಳ್ಳಬೇಕು. ಆ ಶೂನ್ಯ ಸಂಖ್ಯೆಯ ಎಫ್‌ಐಆರ್ ಆಮೇಲೆ ತನ್ನ ಠಾಣೆಗೆ ಪ್ರಯಾಣ ಮಾಡುತ್ತದೆ. ಚಡಚಣದಲ್ಲಿ ಕನ್ನಡದಲ್ಲಿ ಬರೆಸಿದ ಇಂಥ ದೂರು ಉಮದಿ ಠಾಣೆಗೆ ಬಂದರೆ ಮರಾಠಿಗೆ ತಿರುಗಬೇಕು, ಏಕೆಂದರೆ ಮಹಾರಾಷ್ಟ್ರದ ಅಧೀನ ಕೋರ್ಟುಗಳ ಭಾಷೆ ಮರಾಠಿ. ಸಾಕ್ಷಿದಾರ ಹೇಳಿದ ‘ಬಡ್ಡಿ’, ‘ಭಿಶಿ’, ‘ಕೈಗಡ’ಗಳಲ್ಲಿ ಭಿಶಿ ಎರಡೂ ಕಡೆ ಒಂದೇ ಅರ್ಥದ್ದು. ಉಳಿದವಕ್ಕೆ ಅನುವಾದಕ ಮರಾಠಿ ಮಾತು ಹುಡುಕಬೇಕು.

ಮೇಲ್ಮನವಿಯ ದಾರಿ ಇತ್ತೀಚೆಗೆ ಮತ್ತೊಮ್ಮೆ ತಿರುಗಿತು. 2025ರ ಆಗಸ್ಟ್ 18ರಿಂದ ಮುಂಬಯಿ ಹೈಕೋರ್ಟಿನ ಸಂಚಾರಿ ಪೀಠ ಕೊಲ್ಹಾಪುರದಲ್ಲಿ ಕೆಲಸ ಶುರುಮಾಡಿದೆ. ಸಾತಾರಾ, ಸಾಂಗ್ಲಿ, ಸೋಲಾಪುರ, ಕೊಲ್ಹಾಪುರ, ರತ್ನಾಗಿರಿ, ಸಿಂಧುದುರ್ಗ ಅದರ ಪಾಲಿನ ಜಿಲ್ಲೆಗಳು. ಜತ್ತದ ಕಡತ ಈಗ ಸಾಂಗ್ಲಿ ದಾಟಿ ಕೊಲ್ಹಾಪುರದಲ್ಲಿ ಇಳಿಯುತ್ತದೆ. ಗೆರೆಯ ಆಚೆ, ಒಂದು ಕಾಲಕ್ಕೆ ಜತ್ತದ ಮೇಲಿನ ವಾರಂಟು ಬರೆಯುತ್ತಿದ್ದ ವಿಜಯಪುರ ಜಿಲ್ಲೆಯಿಂದ ಅದೇ ಠೇವಣಿ ಏಜೆಂಟನ ಮೇಲಿನ ಇನ್ನೊಂದು ಕಡತ ಕಲಬುರಗಿ ಪೀಠಕ್ಕೆ ಹೋಗುವ ಬಸ್ಸು ಹತ್ತುತ್ತದೆ.